ಮೊದಲು ತುಳಿದವರ ಬಾಗಿಲು

ಸಾರಿನ ಪಾತ್ರೆಯ ಮುಚ್ಚಳ ತೆಗೆದು ಸೌಟು ಆಡಿಸಬೇಕು ಅನ್ನುವಷ್ಟರಲ್ಲಿ ಮೇಲಿನಿಂದ ಟಪ್ ಅಂತ ಒಂದು ಹನಿ ಬಿತ್ತು. ಕಪ್ಪಗೆ, ಅಂಟಂಟಾಗಿ, ಸಾರಿನ ನಡುವೆ ಕಣ್ಣು ಬಿಟ್ಟುಕೊಂಡು ಕೂತಿತು. ಚೈನಿನ ಎಣ್ಣೆ. ತಲೆ ಎತ್ತಿ ನೋಡಿದರೆ ಅಟ್ಟದ ಹಲಗೆಗಳ ಸಂದಿನಲ್ಲಿ ಟೈಲರ್ ರಹಮತ್ ಸಾಬರ ಸೈಕಲ್ಲಿನ ಚಕ್ರ ಕಾಣುತ್ತಿತ್ತು. ಹಿಂದಿನ ದಿನ ಇದೇ ಹೊತ್ತಿಗೆ ಲೀಲಾ ಟೀಚರ ಸೈಕಲ್ಲು ಪಲ್ಯಕ್ಕೆ ಒಗ್ಗರಣೆ ಹಾಕಿತ್ತು. ನಾನು ಎಣ್ಣೆಯನ್ನು ಚಮಚದಲ್ಲಿ ಎತ್ತಿ ಹಾಕಿ ಅದೇ ಸಾರನ್ನು ಬಡಿಸಿದೆ. ಯಾರೂ ಏನೂ ಅನ್ನಲಿಲ್ಲ. ನಮ್ಮ ಮನೆಯವರ ನಾಲಿಗೆಗೆ ಆ ರುಚಿ ಎಂದೋ ಒಗ್ಗಿಹೋಗಿತ್ತು.

ನಮ್ಮೂರಿನಲ್ಲಿ ದೀಪ ಹಚ್ಚಿದ ಮೇಲೆ ಸೈಕಲ್ಲನ್ನು ನೆಲದ ಮೇಲೆ ಬಿಡುವ ಹಾಗಿಲ್ಲ. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ತನ್ನನ್ನು ಮೊಟ್ಟಮೊದಲು ತುಳಿದವರ ಬಾಗಿಲಿಗೆ ಹೋಗಿ ಒರಗಿಕೊಂಡಿರುತ್ತದೆ. ಬೀಗ ಹಾಕಿದರೆ ಬೀಗದ ಸಮೇತ ಹೋಗುತ್ತದೆ. ಕಂಬಕ್ಕೆ ಕಟ್ಟಿದರೆ ಹಗ್ಗ ಹರಿದುಕೊಂಡು ಹೋಗುತ್ತದೆ. ಮನೆಯೊಳಗಿಟ್ಟು ಅಗುಳಿ ಹಾಕಿದಿರೋ, ಬಾಗಿಲಿಗೆ ಗುದ್ದಿ ಗುದ್ದಿ ಮನೆಮಂದಿಗೆಲ್ಲ ಜಾಗರಣೆ ಮಾಡಿಸುತ್ತದೆ. ಮೊದಲು ತುಳಿದವರು ತೀರಿಕೊಂಡಿದ್ದರೆ ಕೆರೆ ಏರಿಯ ಮೇಲೆ ಹೋಗಿ ಮಲಗಿಬಿಡುತ್ತದೆ. ಹೊಸ ಸೈಕಲ್ ಕೊಂಡರೆ ಈ ಕಾಟವಿಲ್ಲವಲ್ಲ ಅಂತ ಪರವೂರಿನವರು ಬುದ್ಧಿ ಹೇಳುವುದುಂಟು. ಸೈಕಲ್ ಶಾಪಿನ ಬಸಣ್ಣನ ಸ್ವಭಾವ ಅವರಿಗೆ ಗೊತ್ತಿಲ್ಲ. ಯಾವ ಗಾಡಿಯನ್ನೇ ಆಗಲಿ ತಾನೇ ಒಂದು ಸುತ್ತು ಹೊಡೆದು ನೋಡದೆ ಅವನು ಮಾರುವವನಲ್ಲ. ಹಾಗಾಗಿ ಊರಿನ ಅರ್ಧಕ್ಕರ್ಧ ಸೈಕಲ್ಲುಗಳ ಮನಸ್ಸು ಅವನ ಮನೆ ಕಡೆಗೇ.

ಇದಕ್ಕೊಂದು ಕಟ್ಟಳೆಯೂ ಇದೆ. ಸೈಕಲ್ ಯಾರ ಬಾಗಿಲಿಗೆ ಹೋಗಿರುತ್ತದೋ ಅವರು ಅದನ್ನು ಹುಡುಕಿಕೊಂಡು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ಮೊದಲು ತುಳಿದವರೇ ತಮ್ಮ ಕೈಯಾರೆ ತಿಂಡಿ ಬಡಿಸಿ, ಆಮೇಲೆ ಸೈಕಲ್ ಬಿಟ್ಟುಕೊಡಬೇಕು. ಬಸಣ್ಣ ಬಡಿಸುತ್ತಾನೆ, ಸರಿ. ಮಾಡುವವಳು ಅವನ ಹೆಂಡತಿ. ಆಕೆ ದಿನಾ ದೋಸೆ ಹಿಟ್ಟನ್ನು ಎರಡು ಪಾವು ಹೆಚ್ಚಿಗೆ ರುಬ್ಬುತ್ತಾಳೆ, ರುಬ್ಬುತ್ತಾ ಊರಿಗೆಲ್ಲ ಶಾಪ ಹಾಕುತ್ತಾಳೆ.

ನೆಲ ಸೋಕದ ಹಾಗೆ ಎತ್ತರದಲ್ಲಿಟ್ಟರೆ ಮಾತ್ರ ಸೈಕಲ್ಲು ಕದಲುವುದಿಲ್ಲ; ಅದಕ್ಕೇ ಎಲ್ಲರೂ ಸಂಜೆ ಅದನ್ನು ಅಟ್ಟಕ್ಕೆ ಏರಿಸುವುದು. ಆದರೆ ನಮ್ಮ ಬೀದಿಯಲ್ಲಿ ಅಟ್ಟ ಅಂತ ಇರುವುದು ನಮ್ಮ ಮನೆಗೆ ಮಾತ್ರ. ಉಳಿದವೆಲ್ಲ ಶೀಟಿನ ಮನೆಗಳು. ಸೈಕಲ್ ಹೋಗಲಿ, ಒಂದು ಮೊರ ಇಡುವುದಕ್ಕೂ ಅವುಗಳಲ್ಲಿ ಮೇಲೆ ಜಾಗವಿಲ್ಲ. ನಮ್ಮ ಮಾವ ಕರಿಬಸವಯ್ಯನವರು ಹಲಸಿನ ತೊಲೆ ಹಾಕಿಸಿ, ಆನೆ ಮಲಗಿದರೂ ತಡೆಯುವ ಅಟ್ಟ ಕಟ್ಟಿಸಿ, ಕಬ್ಬಿಣದ ರಾಟೆ ಬಿಗಿಸಿ ಹೋದರು. ಅವರು ಕಣ್ಣು ಮುಚ್ಚಿ ವರ್ಷಗಳೇ ಆದವು. ಬೀದಿಯವರು ಈಗಲೂ ಸೈಕಲ್ ಏರಿಸುವಾಗೆಲ್ಲ "ಪುಣ್ಯಾತ್ಮ, ಎಂಥಾ ಅಟ್ಟ ಕಟ್ಟಿಸಿದ" ಅನ್ನುತ್ತಾರೆ. ಆ ಪುಣ್ಯದ ಭಾರವೆಲ್ಲ ನನ್ನ ಅಡಿಗೆಮನೆಯ ನೆತ್ತಿಯ ಮೇಲೆ ಕೂತಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ಕಟ್ಟಿದವನು ನಮ್ಮ ಯಜಮಾನರನ್ನು ಎಲ್ಲೋ ನೋಡಿರಬೇಕು. ಅವರದು ಹಿಟ್ಟಿನ ಗಿರಣಿ. ಬೀದಿಯವರೆಲ್ಲ ಗಿರಾಕಿಗಳೇ ಆದ್ದರಿಂದ ಯಾರಿಗೂ ಇಲ್ಲ ಅನ್ನುವ ಬಾಯಿ ಅವರಿಗಿಲ್ಲ. ಸಂಜೆಯಾಯಿತೆಂದರೆ ನಮ್ಮ ಪಡಸಾಲೆಯಲ್ಲಿ ಸಂತೆ. ಒಬ್ಬರು "ನಮ್ಮದನ್ನ ಕಿಟಕಿ ಪಕ್ಕ ಇಡಿ, ಗಾಳಿ ಆಡ್ಲಿ" ಅನ್ನುತ್ತಾರೆ. ಇನ್ನೊಬ್ಬರು "ಅವರ ಹ್ಯಾಂಡಲ್ಲು ನಮ್ಮ ಸೀಟಿಗೆ ತಗಲುತ್ತೆ" ಅಂತ ತಕರಾರು ತೆಗೆಯುತ್ತಾರೆ. ರಾಟೆ ಎಳೆದು ದಣಿದವರಿಗೆಲ್ಲ ಕಾಫಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಬೇಕಾದವರ ಸೈಕಲ್ಲು ಎಲ್ಲಕ್ಕಿಂತ ಒಳಗೆ ಇರುತ್ತದೆ; ಅದನ್ನು ತೆಗೆಯಲು ಉಳಿದದ್ದನ್ನೆಲ್ಲ ಇಳಿಸಬೇಕು. ಹಾಲು ಕಾಯಿಸುವ ಹೊತ್ತಿಗೆ ನನ್ನ ತಲೆಯ ಮೇಲೆ ಗಡಗಡ, ಟ್ರಿಣ್ ಟ್ರಿಣ್. ನನ್ನ ಉಪ್ಪಿನಕಾಯಿ ಭರಣಿಗಳಿಗೆ ಮಂಚದ ಕೆಳಗೆ ವಾಸ, ಹುಣಸೆಹಣ್ಣಿಗೆ ಕನ್ನಡಿಯ ಹಿಂದೆ. ಮನೆಗೆ ಬಂದ ಸೊಸೆ ನಾನೋ, ಸೈಕಲ್ ಸ್ಟ್ಯಾಂಡಿನ ಕಾವಲುಗಾರ್ತಿಯೋ ಅಂತ ಎಷ್ಟೋ ಸಲ ಕೇಳಿದ್ದೇನೆ. "ಹೋಗ್ಲಿ ಬಿಡೇ, ನಮಗೇನು ನಷ್ಟ" ಅನ್ನುವುದು ಯಜಮಾನರ ಉತ್ತರ.

ಇಷ್ಟನ್ನೂ ನಾನು ಹಲ್ಲು ಕಚ್ಚಿಕೊಂಡು ಸಹಿಸಿಕೊಂಡೇ ಇರುತ್ತಿದ್ದೆನೋ ಏನೋ. ಆದರೆ ಆ ವರ್ಷ ಯುಗಾದಿಗೆ ಮುಂಚೆ ನನ್ನ ತಂಗಿ ದಾಕ್ಷಾಯಣಿ ಬಂದಳು.

ದಾಕ್ಷಿ ಗಂಡನ ಮನೆ ಬಿಟ್ಟು ಆಗಲೇ ಒಂದು ಮಳೆಗಾಲ ಕಳೆದಿತ್ತು. ಅವನು ಕೈ ಎತ್ತುತ್ತಿದ್ದ. ಒಂದು ದಿನ ಉಪ್ಪು ಹೆಚ್ಚಾಯಿತೆಂದು ಅನ್ನದ ತಟ್ಟೆಯನ್ನೇ ಎಸೆದ, ಅದು ಅವಳ ಹುಬ್ಬನ್ನು ಸೀಳಿತು. ಅವಳು ಚೆಲ್ಲಿದ ಅನ್ನ ಬಳಿದು, ತಟ್ಟೆ ತೊಳೆದು ಬೋರಲು ಹಾಕಿ, ಹೊಲಿಗೆ ಮೆಷೀನನ್ನು ಗಾಡಿಗೆ ಹಾಕಿಸಿಕೊಂಡು ನಮ್ಮ ಸೋದರಮಾವನ ಮನೆಗೆ ಬಂದುಬಿಟ್ಟಳು. ಮಾವ ಈರುಳ್ಳಿ ವ್ಯಾಪಾರಿ. ಮೂಟೆಗಳನ್ನು ಒಂದು ಕಡೆ ಸರಿಸಿ ಅವಳಿಗೊಂದು ಚಾಪೆಯಷ್ಟು ಜಾಗ ಮಾಡಿಕೊಟ್ಟಿದ್ದ. ಈಗ ಹೊಸ ಈರುಳ್ಳಿ ಬರುವ ಕಾಲ, ಹಬ್ಬದೊಳಗೆ ಕೋಣೆ ಬೇಕು ಅಂತ ಹೆಂಡತಿಯ ಕೈಲಿ ಹೇಳಿಸಿದ್ದನಂತೆ. ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದ ನನ್ನ ಪಕ್ಕದಲ್ಲಿ ಕೂತು, ನನ್ನ ಸೀರೆಯ ಬಿಚ್ಚಿದ ಅಂಚನ್ನು ಹೊಲಿಯುತ್ತಾ ಅವಳು ಇದನ್ನೆಲ್ಲ ಹೇಳಿದಳು.

"ಎಲ್ಲೂ ಜಾಗ ಸಿಗದಿದ್ರೆ ವಾಪಸ್ ಅಲ್ಲಿಗೇ ಹೋಗೋದು ಅಕ್ಕ. ಇನ್ನೇನ್ಮಾಡ್ಲಿ?" ಅಂದಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ದಾರ ಕಚ್ಚಿ ತುಂಡು ಮಾಡುತ್ತಾ ಹೇಳಿದಳು. ಹುಬ್ಬಿನ ಮೇಲಿನ ಗಾಯದ ಗೆರೆಯಲ್ಲಿ ಕೂದಲು ಬಂದಿರಲಿಲ್ಲ.

ನಮ್ಮದು ಚಿಕ್ಕ ಮನೆ. ಪಡಸಾಲೆ, ಅಡಿಗೆಮನೆ, ನಮ್ಮದೊಂದು ಕೋಣೆ, ಅತ್ತೆಯದೊಂದು ಕೋಣೆ. ಆದರೆ ಅಟ್ಟ ಮಾತ್ರ ಮನೆಯ ಉದ್ದಗಲಕ್ಕೂ ಇತ್ತು. ಬೀದಿಗೆ ತೆರೆಯುವ ಕಿಟಕಿ ಇತ್ತು, ಹೊಲಿಗೆಗೆ ಬೇಕಾದ ಬೆಳಕಿತ್ತು. ಸೋದರಮಾವನ ಮನೆಗೆ ವಾಪಸ್ ಹೊರಟ ಅವಳು ಊರು ದಾಟುವ ಮೊದಲೇ ನಾನು ಮನಸ್ಸಿನಲ್ಲಿ ಅಲ್ಲಿ ಅವಳ ಮೆಷೀನು ಇಟ್ಟು, ಹಾಸಿಗೆ ಹಾಸಿ, ಬಟ್ಟೆ ಒಣಹಾಕಲು ತಂತಿಯನ್ನೂ ಕಟ್ಟಿಯಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಅವಳು ಬರ್ಲಿ, ಬೇಡ ಅಂದೋರು ಯಾರು? ಆದ್ರೆ ಸೈಕಲ್ಲು..." ಅಂದರು.

"ಸೈಕಲ್ಲು ಅವರವರ ತಲೆ ಮೇಲೆ ಇಟ್ಕೊಳ್ಳಿ."

"ಹಂಗಂದ್ರೆ ಹೇಗೇ? ಅಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು."

ಕೋಣೆಯ ಒಳಗಿನಿಂದ ನಮ್ಮತ್ತೆ ಚೆನ್ನಾಜಮ್ಮನವರ ದನಿ ಬಂತು. ಅವರಿಗೆ ಎಪ್ಪತ್ತೈದು ದಾಟಿದೆ. ಬಾಗಿಲಲ್ಲಿ ಕರೆದರೆ ಕೇಳಿಸುವುದಿಲ್ಲ, ಅಡಿಗೆಮನೆಯಲ್ಲಿ ಪಿಸುಗುಟ್ಟಿದರೆ ಕೇಳಿಸುತ್ತದೆ. "ಅಟ್ಟ ಮುಟ್ಬೇಡ ಮಂಗಳಾ. ಅದು ಸೈಕಲ್ಲಿಗೆ ಅಂತ ನಿಮ್ಮ ಮಾವ ಕಟ್ಟಿಸಿದ್ದು. ಗಂಡನ್ನ ಬಿಟ್ಟು ಬಂದೋರಿಗಲ್ಲ."

ನನಗೆ ಮೈಯೆಲ್ಲ ಉರಿಯಿತು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮಾರನೆಯ ದಿನ ಅವರ ತಲೆ ಬಾಚುವಾಗ ಮೆಲ್ಲಗೆ ಕೇಳಿದೆ, "ಅತ್ತೆ, ನಿಮ್ಮ ಮಗಳಿಗೆ ಹಿಂಗಾಗಿದ್ರೆ ಏನ್ ಮಾಡ್ತಿದ್ರಿ?" ಅಂತ. "ನಂಗೆ ಮಗಳಿಲ್ವಲ್ಲ" ಅಂದರು. ಜಡೆ ಹಾಕಿ ಮುಗಿಸುವ ಹೊತ್ತಿಗೆ ಮತ್ತೆ, "ಅಟ್ಟ ಮಾತ್ರ ಮುಟ್ಬೇಡ" ಅಂದರು. ಆ ಮುದುಕಿಗೆ ಅಟ್ಟದ ಮೇಲೆ ಯಾವ ನಿಧಿ ಇತ್ತೋ ನನಗೆ ಅರ್ಥವಾಗಲಿಲ್ಲ. ಏಣಿ ಹತ್ತಿ ಅವರು ಅಲ್ಲಿಗೆ ಹೋದದ್ದನ್ನು ನಾನಂತೂ ಒಂದು ದಿನವೂ ಕಂಡವಳಲ್ಲ.

ಹೇಳಿ ಕೇಳಿ ಆಗುವ ಕೆಲಸ ಇದಲ್ಲ ಅಂತ ಗೊತ್ತಾಯಿತು. ಮಧ್ಯಾಹ್ನ ಎಲ್ಲರೂ ಹೊರಗಿದ್ದಾಗ ಏಣಿ ಹತ್ತಿ, ರಾಟೆಯ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ರಾಗಿ ಡ್ರಮ್ಮಿನಲ್ಲಿ ಹೂತು, ಮೇಲೆ ರಾಗಿ ಸುರಿದು ಮುಚ್ಚಳ ಹಾಕಿದೆ.

ಸಂಜೆ ಸಂತೆ ನೆರೆಯಿತು. ಯಜಮಾನರು ರಾಟೆ ನೋಡಿದರು, ನನ್ನನ್ನು ನೋಡಿದರು.

"ಹಗ್ಗ ಎಲ್ಲೇ?"

"ಬಾವಿಗೆ ಬಿತ್ತು."

"ನಮ್ಮನೇಲಿ ಬಾವಿ ಎಲ್ಲಿದೆ?"

"ಅದನ್ನೂ ಹುಡುಕ್ಕೊಳ್ಳಿ," ಅಂದು ಹೊಸ್ತಿಲ ಮೇಲೆ ಕೂತೆ. ಕೂತು ಎಲ್ಲರಿಗೂ ಹೇಳಿದೆ: ಇನ್ನು ಮೇಲೆ ಈ ಅಟ್ಟಕ್ಕೆ ಸೈಕಲ್ ಏರುವುದಿಲ್ಲ, ನನ್ನ ತಂಗಿ ಬರುತ್ತಾಳೆ, ಅವಳಿಗೆ ಬೇರೆ ಜಾಗವಿಲ್ಲ.

ರಹಮತ್ ಸಾಬರು ಹ್ಯಾಂಡಲ್ ಹಿಡಿದುಕೊಂಡೇ, "ಮಂಗಳಮ್ಮ, ಬೇರೆ ಎಲ್ಲಿಗೆ ಹೋದ್ರೂ ಪರವಾಗಿಲ್ಲ, ನಂದು ನಮ್ಮಣ್ಣನ ಮನೆಗೆ ಹೋಗುತ್ತೆ. ಅಂಗಡಿ ಪಾಲಾದ ಮೇಲೆ ನಾವು ಮಾತಾಡಿಲ್ಲ. ಆ ಮನುಷ್ಯನ ಕೈಯಲ್ಲಿ ತಿಂಡಿ ತಿನ್ನೋದಾ ನಾನು?" ಅಂತ ಕೇಳಿದರು. ಲೀಲಾ ಟೀಚರ್ ನನಗೆ ಸಮಾಜದ ಬಗ್ಗೆ, ಸಹಕಾರದ ಬಗ್ಗೆ ನಾಲ್ಕನೇ ತರಗತಿಗೆ ಹೇಳುವಂತೆ ಹೇಳಿದರು. ನಾನು ಕೇಳಿ, ತಲೆಯಾಡಿಸಿ, ಕೂತೇ ಇದ್ದೆ. ದೀಪ ಹಚ್ಚುವ ಹೊತ್ತಾಗಿ ಎಲ್ಲರೂ ಗೊಣಗುತ್ತಾ ಸೈಕಲ್ ತಳ್ಳಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಗಂಡಸರು, ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಊರ ತುಂಬ ಹರಡಿದರು. ರಹಮತ್ ಸಾಬರು ಅಣ್ಣನ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಕೂತು ಪರೋಟ ತಿಂದರಂತೆ. ಅಣ್ಣನೂ ಮಾತಿಲ್ಲ, ಇವರೂ ಮಾತಿಲ್ಲ. ಕೊನೆಗೆ ಪರೋಟಕ್ಕೆ ಎಣ್ಣೆ ಕಮ್ಮಿಯಾಯಿತು ಅಂತ ಇವರು ಅಂದು, ನಿನ್ನ ಮನೆಯಲ್ಲಿ ಎಣ್ಣೆ ಕುಡಿಯುತ್ತೀಯೇನೋ ಅಂತ ಅಣ್ಣ ಅಂದು, ಜಗಳವಾಡುವಷ್ಟಾದರೂ ಬಾಯಿ ಬಂತು. ಲೀಲಾ ಟೀಚರದೂ ಇನ್ನೂ ಐದಾರು ಜನರದೂ ಬಸಣ್ಣನ ಮನೆ ಮುಂದೆ ಒಂದರ ಮೇಲೊಂದು ಬಿದ್ದಿದ್ದವು. ನಮ್ಮದೂ ಅಲ್ಲೇ ಇತ್ತು. ಯಜಮಾನರು ತಡವಾಗಿ ಬಂದು ತೇಗಿದರು. "ಬಸಣ್ಣನ ಹೆಂಡತಿ ದೋಸೆ ಚೆನ್ನಾಗಿ ಹುಯ್ತಾರೆ ಕಣೇ. ಗರಿಗರಿ," ಅಂದರು. ಅವರ ಮುಖದ ಮೇಲೆ ಚಟ್ನಿ ಎರಚಬೇಕು ಅನ್ನಿಸಿತು.

ಹೀಗೆ ನಾಲ್ಕಾರು ಬೆಳಗು ನಡೆಯಿತು. ಬೀದಿಯವರು ನನ್ನ ಜೊತೆ ಮಾತು ಬಿಟ್ಟರು. ಗಿರಣಿಗೆ ರಾಗಿ ತರುವವರು ಪಕ್ಕದ ಬೀದಿಯ ಗಿರಣಿಗೆ ಹೋದರು. ಯಜಮಾನರ ಮುಖ ದಿನದಿಂದ ದಿನಕ್ಕೆ ಉದ್ದವಾಯಿತು. ಒಂದು ದಿನ ಬಸಣ್ಣನ ಹೆಂಡತಿ ಕಾವಲಿಯನ್ನೇ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಹೊಸ್ತಿಲ ಮೇಲೆ ಇಟ್ಟಳು. "ತಗೊಳ್ಳಿ, ನೀವೇ ಹುಯ್ದು ಹಾಕಿ ಊರಿಗೆಲ್ಲ," ಅಂದಳು. ನಾನು ಅವಳನ್ನು ಒಳಗೆ ಕರೆದು, ಅಡಿಗೆಮನೆಯಲ್ಲಿ ನಿಲ್ಲಿಸಿ, ಅಟ್ಟದ ಹಲಗೆಗಳ ಮೇಲೆ ಹೆಪ್ಪುಗಟ್ಟಿದ ಎಣ್ಣೆ ತೋರಿಸಿದೆ. ದಾಕ್ಷಿಯ ವಿಷಯ ಹೇಳಿದೆ. ಆ ಹೆಂಗಸು ಕಾವಲಿ ಎತ್ತಿಕೊಂಡು ನೇರವಾಗಿ ಲೀಲಾ ಟೀಚರ ಮನೆಗೆ ಹೋದಳು. ಅಲ್ಲಿ ಏನೆಂದಳೋ ಗೊತ್ತಿಲ್ಲ. ಆ ಭಾನುವಾರವೇ ಶಾಲೆಯ ಬಯಲಿನಲ್ಲಿ ಗಳ ಹುಗಿದು, ಬಿದಿರು ಹಾಸಿ, ಆಳೆತ್ತರದ ಒಂದು ಅಟ್ಟಣೆ ಎದ್ದಿತು. ಬೀದಿಯ ಸೈಕಲ್ಲುಗಳೆಲ್ಲ ಅದನ್ನೇರಿದವು. ಇಷ್ಟು ಸುಲಭದ ಕೆಲಸಕ್ಕೆ ನಾನು ಇಷ್ಟು ವರ್ಷ ಎಣ್ಣೆ ಸಾರು ಉಣ್ಣಬೇಕಾಯಿತಲ್ಲ ಅಂತ ನೆನೆದು ಇನ್ನಷ್ಟು ಸಿಟ್ಟು ಬಂತು. ಆದರೂ ಡ್ರಮ್ಮಿನಿಂದ ಹಗ್ಗ ತೆಗೆದು, ರಾಗಿ ಕೊಡವಿ ಅವರಿಗೇ ಕೊಟ್ಟೆ.

ಅತ್ತೆಯ ಗಲಾಟೆ ಮಾತ್ರ ಹೆಚ್ಚಾಯಿತು. ನಾನು ಪೊರಕೆ ಹಿಡಿದು ಏಣಿ ಹತ್ತುತ್ತಿದ್ದರೆ ಕೆಳಗೆ ನಿಂತು, "ಸಾಕು, ಮುಂದುಗಡೆ ಗುಡಿಸಿದ್ರೆ ಸಾಕು, ಹಿಂದಕ್ಕೆ ಹೋಗ್ಬೇಡ, ಅಲ್ಲಿ ಚೇಳಿದೆ" ಅಂದರು. ಚೇಳು ಇರಲಿಲ್ಲ. ಹಳೆಯ ಡಬ್ಬಗಳು, ಮುರಿದ ತೊಟ್ಟಿಲು, ಅದರ ಹಿಂದೆ ಗೋಡೆಗೆ ಅಂಟಿಕೊಂಡಂತೆ, ಗೋಣಿತಾಟು ಸುತ್ತಿದ ಏನೋ ಒಂದು ಇತ್ತು. ತೊಲೆಗೆ ಸೇರಿಸಿ ಕಟ್ಟಿದ್ದರು. ಗಂಟುಗಳು ಬಿಚ್ಚಲು ಬರದೆ ಈಳಿಗೆಮಣೆ ತಂದು ಕೊಯ್ಯಬೇಕಾಯಿತು. ಒಳಗಿದ್ದದ್ದು ಸೈಕಲ್ಲು. ಗಂಡಸರ ಸೈಕಲ್ಲು, ಎತ್ತರದ್ದು. ಟೈರು ಒಣಗಿ ಸಿಪ್ಪೆ ಎದ್ದಿತ್ತು. ಆದರೆ ಸೀಟಿನ ಚರ್ಮ ಸವೆದಿರಲಿಲ್ಲ, ಪೆಡಲಿನ ರಬ್ಬರ್ ಹೊಸದರಂತೇ ಇತ್ತು.

ಯಜಮಾನರು ಮೇಲೆ ಬಂದು ನೋಡಿ ಕೈಮುಗಿದುಬಿಟ್ಟರು. "ಅಪ್ಪಂದಿರಬೇಕು ಕಣೇ. ಊರಿಗೆ ಮೊದಲು ಸೈಕಲ್ ತಂದೋರು ಅಪ್ಪನೇ ಅಂತಾರೆ."

"ಕೈಮುಗಿದದ್ದಾಯ್ತಲ್ಲ, ಹಿಡ್ಕೊಳ್ಳಿ ಒಂದು ಕಡೆ. ಇದನ್ನ ಕೆಳಗಿಳಿಸದೆ ಮೆಷೀನು ಕೂರೋದಿಲ್ಲ."

"ಅಲ್ಲೇ ಬಿಡು ಮಂಗಳಾ," ಅಂದರು ಕೆಳಗಿನಿಂದ ಅತ್ತೆ. ಆ ದನಿಯಲ್ಲಿ ಜೋರು ಇರಲಿಲ್ಲ. ಕೇಳಿಕೊಳ್ಳುವ ದನಿ ಅದು. ಅತ್ತೆ ನನ್ನನ್ನು ಏನನ್ನಾದರೂ ಕೇಳಿಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಆದರೂ ಸುಸ್ತಾಗಿತ್ತು, ಬೆವರು ಕಣ್ಣಿಗಿಳಿದಿತ್ತು, ಮಾರನೆಯ ದಿನವೇ ದಾಕ್ಷಿ ಬರುವವಳಿದ್ದಳು. "ಆಗಲ್ಲ ಅತ್ತೆ," ಅಂದೆ. ಇಳಿಸಿದೆವು.

ಅಟ್ಟಣೆಗೆ ಒಯ್ಯೋಣವೆಂದರೆ ಅಲ್ಲಿ ಜಾಗ ತುಂಬಿತ್ತು. ಅಲ್ಲದೆ ತೀರಿಹೋದವರ ಸೈಕಲ್ಲನ್ನು ತಡೆದು ಇಟ್ಟುಕೊಳ್ಳಬಾರದು, ಕೆರೆ ಏರಿಗೆ ಹೋಗಲು ಬಿಡಬೇಕು ಅಂತ ಲೀಲಾ ಟೀಚರ್ ಬಂದು ಹೇಳಿದರು. ಮಾತು ಬಿಟ್ಟಿದ್ದನ್ನು ಅವರು ಅಷ್ಟರಲ್ಲಿ ಮರೆತಿದ್ದರು. ಬೀದಿಯವರೆಲ್ಲ ಬೆಳಿಗ್ಗೆ ಒಟ್ಟಿಗೆ ಏರಿಗೆ ಹೋಗಿ, ಪುಣ್ಯಾತ್ಮ ಕರಿಬಸವಯ್ಯನವರ ಸೈಕಲ್ಲಿಗೆ ಒಂದು ಹಾರ ಹಾಕಿ ಬರುವುದೆಂದು ಮಾತಾಯಿತು. ಪಡಸಾಲೆಯಲ್ಲಿ ಸೈಕಲ್ ನಿಲ್ಲಿಸಿ, ಅದು ಹೋಗಲೆಂದು ಬೀದಿ ಬಾಗಿಲು ತೆರೆದಿಟ್ಟೆವು. ಅತ್ತೆ ಊಟ ಬೇಡವೆಂದು ತಮ್ಮ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರು.

ಬೆಳಿಗ್ಗೆ ಎದ್ದವಳು ನಾನೇ ಮೊದಲು. ಬೀದಿ ಬಾಗಿಲು ತೆರೆದಿದ್ದಂತೆಯೇ ತೆರೆದಿತ್ತು. ಸೈಕಲ್ಲು ಹೊರಗೆ ಹೋಗಿರಲಿಲ್ಲ. ಪಡಸಾಲೆ ದಾಟಿ, ಅತ್ತೆಯ ಕೋಣೆಯ ಬಾಗಿಲಿಗೆ ಹ್ಯಾಂಡಲ್ ಆನಿಸಿ ಒರಗಿಕೊಂಡಿತ್ತು.

ನಾನು ಯಜಮಾನರನ್ನು ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ, "ಹಂಗಾದ್ರೆ ಅಪ್ಪಂದಲ್ಲ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರೆ ಯಾರದು?" ಅಂದರು. ಕೆಲವು ವಿಷಯ ಅವರಿಗೆ ಇಳಿಯುವುದು ನಿಧಾನ. ಅಷ್ಟರಲ್ಲಿ ಹಾರ ಹಿಡಿದುಕೊಂಡು ಲೀಲಾ ಟೀಚರ್, ಹಿಂದೆ ರಹಮತ್ ಸಾಬರು, ಅವರ ಹಿಂದೆ ಇಡೀ ಬೀದಿ ಬಂದು ಪಡಸಾಲೆಯಲ್ಲಿ ನಿಂತಿತು. ಎಲ್ಲರೂ ಸೈಕಲ್ ನೋಡಿದರು, ಬಾಗಿಲು ನೋಡಿದರು. ಹೆಣ್ಣುಮಕ್ಕಳು ನೆತ್ತಿಯ ಮೇಲೆ ಸೆರಗು ಹೊದ್ದು ತಲೆಬಾಗಿಲು ದಾಟಲೂ ಹೆದರುತ್ತಿದ್ದ ಕಾಲದವರು ನಮ್ಮತ್ತೆ. ಆ ಕಾಲದಲ್ಲಿ, ಆ ಎತ್ತರದ ಗಂಡಸರ ಸೈಕಲ್ಲು!

ಒಳಗಿನಿಂದ ಅಗುಳಿ ಸದ್ದಾಯಿತು. ಬಾಗಿಲು ಎಳೆದುಕೊಂಡ ಕೂಡಲೇ ಸೈಕಲ್ಲಿನ ಹ್ಯಾಂಡಲ್ ಒಳಕ್ಕೆ ವಾಲಿ ಅತ್ತೆಯ ಭುಜಕ್ಕೆ ತಾಗಿತು. "ಸರಿ ಅತ್ಲಾಗೆ, ಹಾಳಾದ್ದೇ," ಅಂದು ಅವರು ಅದನ್ನು ಪಕ್ಕಕ್ಕೆ ತಳ್ಳಿದರು. ತಳ್ಳಿದ ರೀತಿ ನೋಡಿದೆ. ಬಲಗೈ ಹ್ಯಾಂಡಲ್ ಮೇಲೆ, ಎಡಗೈ ಸೀಟಿನ ಮೇಲೆ. ಗೊತ್ತಿದ್ದವರು ಹಿಡಿಯುವ ಹಾಗೆ ಹಿಡಿದಿದ್ದರು. ಆಮೇಲೆ ಪಡಸಾಲೆಯ ತುಂಬ ನಿಂತ ಜನರನ್ನು ಒಂದು ಸುತ್ತು ನೋಡಿ, "ಬಂದಿದ್ದಾರಲ್ಲ, ಇನ್ನೇನು. ಮಂಗಳಾ, ರವೆ ಎಷ್ಟಿದೆ?" ಅಂದರು.

ಒಲೆಯ ಮುಂದೆ ಕೂರದೆ ಎಷ್ಟೋ ವರ್ಷವಾದವರು ಅವತ್ತು ತಾವೇ ರವೆ ಹುರಿದರು. ನನ್ನನ್ನು ಈರುಳ್ಳಿ ಹೆಚ್ಚುವುದಕ್ಕೆ ಕೂರಿಸಿ, ಹೆಚ್ಚಿದ್ದು ದಪ್ಪವಾಯಿತೆಂದು ಬೈದರು. ಇಡೀ ಬೀದಿ ಪಂಕ್ತಿಯಲ್ಲಿ ಕೂತಿತು. ಅತ್ತೆ ಬಗ್ಗಿ ಬಗ್ಗಿ ಒಬ್ಬೊಬ್ಬರಿಗೂ ಬಡಿಸಿದರು. ಉಪ್ಪಿಟ್ಟು ಎಲೆಯ ಆಚೆಗೂ ಬೀಳುತ್ತಿತ್ತು. ನಾನು ಪಾತ್ರೆ ಹಿಡಿದುಕೊಳ್ಳಲು ಹೋದರೆ ಬಿಡಲಿಲ್ಲ.

ತಮ್ಮ ಎಲೆಯ ಹತ್ತಿರ ಬಂದಾಗ ಯಜಮಾನರು ಕೇಳಿಯೇಬಿಟ್ಟರು. "ಅಮ್ಮ, ನೀನು ಸೈಕಲ್ ತುಳೀತಿದ್ಯಾ?"

"ತೌರಲ್ಲಿ ಅಣ್ಣಂದಿರು ಕಲಿಸಿದ್ರು. ಈ ಮನೇಲಿ ತುಳಿದದ್ದು ಒಂದೇ ಸಲ. ನಿಮ್ಮಪ್ಪ ಇದನ್ನ ಪಟ್ಟಣದಿಂದ ತಳ್ಕೊಂಡು ಬಂದ್ರು, ಅವರಿಗೆ ತುಳಿಯೋಕೆ ಬರ್ತಿರ್ಲಿಲ್ಲ. ಮಾರನೇ ದಿನ ಬೆಳಗಿನ ಜಾವ ಕಚ್ಚೆ ಕಟ್ಕೊಂಡು ತೌರಿಗೆ ಹೋಗ್ಬಿಟ್ಟೆ. ಯಾರಿಗೂ ಹೇಳ್ಲಿಲ್ಲ."

"ಯಾಕಮ್ಮ?"

"ಅದನ್ನ ನಿಮ್ಮಪ್ಪನ್ನ ಕೇಳ್ಬೇಕಿತ್ತು ಶಂಭು," ಅಂದರು ಅತ್ತೆ. "ನನ್ನ ವಾಪಸ್ ಕರ್ಕೊಂಡು ಬಂದ್ಮೇಲೆ ಈ ಅಟ್ಟ ಕಟ್ಟಿಸಿದ್ರು. ಇದನ್ನ ಮೇಲೆ ಕಟ್ಟಿ ಹಾಕೋಕೆ. ತಣ್ಣಗಾಗುತ್ತೆ, ತಿನ್ನು."

ಪಂಕ್ತಿಯವರೆಲ್ಲ ಎಲೆ ಮಡಿಸಿದರು. ಎದ್ದು ಹೋಗುವಾಗ ಲೀಲಾ ಟೀಚರ್ ಆ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಹೋದರು.

ಮಧ್ಯಾಹ್ನದ ಬಸ್ಸಿಗೆ ದಾಕ್ಷಿ ಬಂದಳು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಹೊಲಿಗೆ ಮೆಷೀನು. ರಹಮತ್ ಸಾಬರೂ ಯಜಮಾನರೂ ಸೇರಿ ಮೆಷೀನನ್ನು ಹೊತ್ತು ತಂದು ಏಣಿಯ ಬುಡದಲ್ಲಿ ಇಳಿಸಿದರು. ಬೆಳಗಿನ ವಿಷಯ ಅವಳಿಗೆ ಬಾಗಿಲಲ್ಲೇ ಪಿಸುಗುಟ್ಟಿದೆ. ಅತ್ತೆ ಕೋಣೆಯಿಂದ ಹೊರಗೆ ಬಂದರು. ದಾಕ್ಷಿ ಬಗ್ಗಿ ಕಾಲು ಮುಟ್ಟಿದಳು.

"ಅಷ್ಟು ಭಾರದ್ದನ್ನ ಅಟ್ಟಕ್ಕೆ ಹೊರ್ತೀರಾ? ಬುದ್ಧಿ ಇದೆಯಾ ನಿಮಗೆ?" ಅಂದರು ಅತ್ತೆ. "ನನ್ನ ಕೋಣೇಲಿ ಕಿಟಕಿ ದೊಡ್ಡದು. ಅಲ್ಲಿಡಿ. ಅವಳೂ ಅಲ್ಲೇ ಮಲಗ್ಲಿ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಈ ಒಂದು ಮಾತನ್ನು ಅವರು ಹದಿನೈದು ದಿನ ಮುಂಚೆ ಆಡಿದ್ದರೆ ನಾನು ಹಗ್ಗ ಹೂಳಬೇಕಿರಲಿಲ್ಲ, ಬೀದಿಯನ್ನೆಲ್ಲ ಎದುರುಹಾಕಿಕೊಳ್ಳಬೇಕಿರಲಿಲ್ಲ, ಗಿರಣಿಯ ಗಿರಾಕಿಗಳನ್ನು ಕಳೆದುಕೊಳ್ಳಬೇಕಿರಲಿಲ್ಲ. ಹಾಗಂತ ಹೇಳಲು ಬಾಯಿ ತೆರೆದೆ. ಆದರೆ ಅತ್ತೆ ನನ್ನ ಕಡೆ ನೋಡುತ್ತಿರಲಿಲ್ಲ. ದಾಕ್ಷಿಯ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಹುಬ್ಬಿನ ಮೇಲಿನ ಗೆರೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

"ವಾಪಸ್ ಕರ್ಕೊಂಡು ಹೋಗೋಕೆ ಬರ್ಲಿಲ್ವಾ ಅವರು?"

"ಬಂದಿದ್ರು ಅತ್ತೆಮ್ಮ. ಅವನು, ಅವನಣ್ಣ, ಇಬ್ಬರೂ. ಗಾಡಿ ತಗೊಂಡೇ ಬಂದಿದ್ರು."

"ಮತ್ತೆ?"

"ನಾನು ಹೋಗ್ಲಿಲ್ಲ."

ಅತ್ತೆ ಅವಳ ಗಲ್ಲದಿಂದ ಕೈ ತೆಗೆಯಲಿಲ್ಲ.

"ನಾನು ಹೋದೆ ಕಣೇ," ಅಂದರು.